ಅಕ್ಕೋರ ಮೂಗು

ಅವರ್ಸಾ
12 ನವೆಂಬರ್ 2024

ಅಕ್ಕೋರಿಗೆ ಗಂಗೆಯ ನಮಸ್ಕಾರ.

ಬಿಸ್ಕತ್ತಿನ ಹಿಟ್ಟು ಕಳಿಸಿದ್ದೇನೆ. ನನ್ನ ತಮ್ಮ ಪ್ರದೀಪ ಕೆಲಸಕ್ಕೆ ಕಾರವಾರಕ್ಕೆ ಬರುವಾಗ ಡಬ್ಬಿಯನ್ನು ನಿಮ್ಮ ಗೇಟಿನ ಒಳಗೆ ಇಟ್ಟು ಹೋಗುತ್ತಾನೆ. ಫೋನಿನಲ್ಲಿ ಹೇಳಿದರೆ ನಿಮಗೆ ಕೇಳುವುದಿಲ್ಲ. ಹಾಗಾಗಿ ಪ್ರತಿ ವರ್ಷದಂತೆ ಡಬ್ಬಿಯ ಮೇಲೆ ಈ ಕಾಗದ.

ನೀವು ಹೇಳಿದ ಹಾಗೆ ನವೆಂಬರ್ ಎರಡಕ್ಕೇ ಕಲಸಿದೆ. ಈ ಸಲ ಅದೇ ದಿನ ಪಾಡ್ಯವೂ ಬಂದಿತ್ತು. ನಿಮ್ಮಲ್ಲಿ ಸತ್ತವರನ್ನು ನೆನೆಯುವ ದಿನ, ನಮ್ಮಲ್ಲಿ ದನಗಳ ಹಬ್ಬ. ಬೆಳಿಗ್ಗೆ ದನ ತೊಳೆದು, ಪೂಜೆ ಮುಗಿಸಿ, ಸ್ನಾನ ಮಾಡಿ ಆಮೇಲೆ ಹಿಟ್ಟಿಗೆ ಕೈ ಹಾಕಿದೆ. ಜೋನಿಬೆಲ್ಲ ಹುಲಿಯಾ ಮಾವ ತನ್ನ ಕೊಪ್ಪರಿಗೆಯಲ್ಲಿ ಕಾಯಿಸಿದ್ದೇ. ಬಿಸಿ ಮಾಡಿ, ಕಸ ಸೋಸಿ, ಉಗುರುಬೆಚ್ಚಗಾದ ಮೇಲೆ ಮೈದಾಕ್ಕೆ ಹೊಯ್ದೆ. ದಾಲ್ಚಿನ್ನಿ, ಲವಂಗ, ಶುಂಠಿ, ಕಾಳುಮೆಣಸು, ನಿಮ್ಮ ಹಿತ್ತಲಿನ ಜಾಯಿಕಾಯಿ ಎಲ್ಲ ಅವ್ವಿಯ ಲೆಕ್ಕದಲ್ಲೇ. ಹತ್ತು ದಿನ ಭರಣಿಯಲ್ಲಿ ಬಟ್ಟೆ ಕಟ್ಟಿ ಇಟ್ಟಿದ್ದೆ. ಮೊಟ್ಟೆ, ಬೆಣ್ಣೆ ನೀವು ಬೇಯಿಸುವ ದಿನ ಹಾಕಿಕೊಳ್ಳಿ.

ಚಿಟಿಕೆ ಮುರಿದು, ಹೆಬ್ಬೆರಳಲ್ಲಿ ತಿಕ್ಕಿ ನೋಡಿದೆ. ನನಗೆ ಚಲೋ ಅನಿಸಿತು. ಆದರೆ ನಿಮ್ಮ ಮೂಗು ಒಪ್ಪಿದ ಮೇಲೇ ಅದು ಹಿಟ್ಟು. ರುಚಿ ನೋಡಿಲ್ಲ. ಕ್ರಿಸ್ಮಸ್ಸಿನ ಪೂಜೆ ಮುಗಿಯುವ ತನಕ ಯಾರೂ ಬಾಯಿಗೆ ಹಾಕಬಾರದು ಅನ್ನುವ ನಿಮ್ಮ ಕಟ್ಟು ನಮ್ಮ ಮನೆಯಲ್ಲೂ ನಡೆಯುತ್ತದೆ.

ಶಾಲೆಯ ಮಕ್ಕಳು ಈಗಲೇ ಕೇಳುತ್ತಿದ್ದಾರೆ, ನಮ್ಮ ಬಿಸ್ಕತ್ತಿನ ಡಬ್ಬಿ ಯಾವಾಗ ಬರುತ್ತದೆ ಎಂದು.

ಗಂಗೆ


ಕಾಜುಬಾಗ, ಕಾರವಾರ
15 ನವೆಂಬರ್ 2024

ಗಂಗೆ,

ಡಬ್ಬಿ ವಾಪಸ್ ಕಳಿಸಿದ್ದೇನೆ. ಮುಚ್ಚಳ ತೆಗೆದ ಕೈಯಲ್ಲೇ ಮುಚ್ಚಿದೆ. ಶೀ! ಒಣಮೀನು! ಅದೂ ಮಳೆಯಲ್ಲಿ ನೆನೆದು ಹುಳ ಬಿದ್ದ ಒಣಮೀನಿನ ವಾಸನೆ. ಹತ್ತಿರ ಹಿಡಿದೆನೋ ಇಲ್ಲವೋ, ಹೊಟ್ಟೆಯಲ್ಲಿದ್ದ ಗಂಜಿ ಗಂಟಲಿಗೆ ಬಂತು.

ನೀನು ಭರಣಿಯನ್ನು ಎಲ್ಲಿಟ್ಟಿದ್ದೆ? ಪಕ್ಕದಲ್ಲಿ ಮಳೆಗಾಲದ ಒಣಸಿಗಡಿ ಇಟ್ಟಿದ್ದೆಯೋ? ಹಿಟ್ಟು ಪರಿಮಳ ಹೀರುವ ಹಾಗೆ ಗಬ್ಬನ್ನೂ ಹೀರುತ್ತದೆ ಎಂದು ನಿನಗೆ ಎಷ್ಟು ಸಲ ಹೇಳಿಲ್ಲ? ನಾನು ಅವರ್ಸಾ ಶಾಲೆಗೆ ಬಂದು ನಿಮ್ಮ ಮನೆಯ ಕೋಣೆಯಲ್ಲಿ ಬಾಡಿಗೆಗಿದ್ದ ವರ್ಷ ನೀನು ನಾಲ್ಕನೇ ಇಯತ್ತೆ. ಬಿಸ್ಕತ್ತಿಗೆ ಕಪ್ಪು ಪಾಕ ಸಿಗದೆ ನಾನು ಒದ್ದಾಡುತ್ತಿದ್ದಾಗ ನಿನ್ನ ಅವ್ವಿ ಬೊಮ್ಮು ಜೋನಿಬೆಲ್ಲದ ಬಟ್ಟಲು ತಂದು ಮುಂದಿಟ್ಟಳು. ಅಂದಿನಿಂದ ಮೂವತ್ತೊಂದು ವರ್ಷ ಹಿಟ್ಟು ನಿಮ್ಮದು, ಒಲೆ ನನ್ನದು. ಒಂದು ಸಲವೂ ಡಬ್ಬಿ ತಿರುಗಿ ಹೋಗಿರಲಿಲ್ಲ.

ಈ ಊರೂ ಅಷ್ಟೇ. ಕಾಫಿಪುಡಿಯಲ್ಲಿ ಏನು ಬೆರೆಸುತ್ತಾರೋ, ಲೋಟ ಮೂಗಿನ ಹತ್ತಿರ ತಂದರೆ ಸುಟ್ಟ ರಬ್ಬರು. ಪಕ್ಕದ ಮನೆಯ ಲತಾ ಈರುಳ್ಳಿ ಹುರಿದರೆ ನನ್ನ ಮನೆಯ ತುಂಬ ಗಟಾರ. ಕೊಳೆತದ್ದನ್ನು ತಂದು ಹುರಿಯುತ್ತೀಯಾ ಎಂದು ಕೇಳಿದೆ. "ಇವತ್ತೇ ಸಂತೆಯಿಂದ ತಂದದ್ದು, ಟೀಚರ್ ಬಾಯಿ, ನೀವೇ ನೋಡಿ" ಎಂದು ಕೂಗಿ ಬುಟ್ಟಿಯನ್ನು ಮುಖಕ್ಕೇ ಹಿಡಿದಳು. ಈಗ ಮಾತಿಲ್ಲ.

ಬೇರೆ ಹಿಟ್ಟು ಕಲಸು. ಇನ್ನೂ ದಿನ ಇದೆ.

ಎಸ್ಪೆರಾನ್ಸ


ಅವರ್ಸಾ
18 ನವೆಂಬರ್ 2024

ಅಕ್ಕೋರಿಗೆ,

ಡಬ್ಬಿ ತಲುಪಿತು. ಮುಚ್ಚಳ ತೆಗೆದು ನಾನು ನೋಡಿದೆ, ಪ್ರದೀಪ ನೋಡಿದ. ನಮಗೆ ಲವಂಗ, ಬೆಲ್ಲ ಬಿಟ್ಟು ಬೇರೆ ಏನೂ ತಿಳಿಯಲಿಲ್ಲ. ಆದರೆ ನೀವು ಹೇಳಿದ ಮೇಲೆ ನನ್ನ ಮೂಗಿನ ಮೇಲೆ ನನಗೇ ನಂಬಿಕೆ ಹೋಯಿತು. ನಾಲ್ಕು ಸಲ ಮೂಸಿದೆ. ನಾಲ್ಕನೇ ಸಲಕ್ಕೆ ನನಗೂ ಏನೋ ಮೀನಿನ ಹಾಗೆ ಅನಿಸತೊಡಗಿತು. ಹೆದರಿಕೆ ಅಂದರೆ ಹೀಗೆ.

ಭರಣಿ ಅಕ್ಕಿಯ ಕೋಣೆಯ ಮೂಲೆಯಲ್ಲಿತ್ತು. ಒಣಮೀನು ನಾವು ಆ ಕೋಣೆಗೆ ಒಯ್ಯುವುದೇ ಇಲ್ಲ, ಅದು ಅವ್ವಿಯ ಕಾಲದ ಕಟ್ಟು. ಮತ್ತೆ ಬೆಲ್ಲದ್ದೇ ತಪ್ಪಿರಬೇಕು ಎಂದುಕೊಂಡು ಹುಲಿಯಾ ಮಾವನ ಹತ್ತಿರ ಹೋಗಿ, ಬೆಲ್ಲದ ಕೊಪ್ಪರಿಗೆ ತೊಳೆದಿದ್ದಿರೋ ಇಲ್ಲವೋ ಎಂದು ಕೇಳಿಬಿಟ್ಟೆ. ಎಂಬತ್ತು ವರ್ಷದ ಮನುಷ್ಯ. "ನಿನ್ನ ಅವ್ವಿ ಒಂದ್ ದಿನ ಹೀಂಗ್ ಕೇಳಿದ್ದಿಲ್ಲ ಮಗಾ" ಎಂದು ಹೇಳಿ ಒಳಗೆ ಹೋದ. ನನಗೆ ನನ್ನ ಮೇಲೇ ಹೇಸಿಗೆ ಬಂತು.

ಇರಲಿ. ಇನ್ನೊಂದು ಡಬ್ಬಿ ಕಳಿಸುತ್ತೇನೆ.

ನೀವು ತೆಳ್ಳಗಾಗಿದ್ದೀರಿ ಎಂದು ಪ್ರದೀಪ ಹೇಳಿದ. ಹೌದೇ?

ಗಂಗೆ


ಅವರ್ಸಾ
25 ನವೆಂಬರ್ 2024

ಅಕ್ಕೋರಿಗೆ,

ಇದರೊಂದಿಗೆ ಎರಡನೇ ಡಬ್ಬಿ. ಹಿಟ್ಟು ಕಡಿಮೆ ಇದೆ, ಮೊದಲಿನ ಅರ್ಧ. ನೋಡಿ ತಿಳಿಸಿ.

ನನ್ನ ಪ್ರಶ್ನೆಗೆ ನೀವು ಉತ್ತರ ಕೊಡಲಿಲ್ಲ.

ಗಂಗೆ


ಕಾಜುಬಾಗ, ಕಾರವಾರ
28 ನವೆಂಬರ್ 2024

ಗಂಗೆ,

ಡಬ್ಬಿಯನ್ನು ಈ ಸಲ ಕಳಿಸುತ್ತಿಲ್ಲ. ಕಳಿಸಲು ಅದರಲ್ಲಿ ಏನೂ ಉಳಿದಿಲ್ಲ.

ಒಣಮೀನು ಹೋಗಿ ಟೈರು ಸುಟ್ಟ ವಾಸನೆ ಬಂದಿದೆ. ಅದರ ಅಡಿಯಲ್ಲಿ ಇನ್ನೊಂದು, ಇಲಿ ಸತ್ತು ನಾಲ್ಕು ದಿನವಾದ ಕಪಾಟಿನದು. ನಾನು ಗಟ್ಟಿ ಮನಸ್ಸು ಮಾಡಿ ಚಿಟಿಕೆ ಮುರಿದೆ, ತಿಕ್ಕಿದೆ, ಮೂಗಿಗೆ ಹಿಡಿದೆ. ಹಿತ್ತಲಿಗೆ ಓಡಿ ವಾಂತಿ ಮಾಡಿದೆ. ಸಾಬೂನು ಹಚ್ಚಿ ಮೂರು ಸಲ ತೊಳೆದರೂ ಬೆರಳಿನಿಂದ ಹೋಗಲಿಲ್ಲ. ಸಾಬೂನೂ ನಾರುತ್ತಿತ್ತು, ಅದು ಬೇರೆ ವಿಷಯ.

ಹಿಟ್ಟನ್ನು ಗೊಬ್ಬರದ ಗುಂಡಿಗೆ ಹಾಕಿ ಮಣ್ಣು ಎಳೆದೆ. ಲತಾಳ ನಾಯಿ ಬೇಲಿ ನುಗ್ಗಿ ಬಂದು, ಅಗೆದು, ಒಂದು ಚೂರೂ ಬಿಡದೆ ತಿಂದು ಗುಂಡಿಯನ್ನೂ ನೆಕ್ಕಿತು. ನಾಯಿಗೇನು ಗೊತ್ತು!

ಈಗ ನಾನು ಹೇಳುವುದನ್ನು ಬೇಸರಿಸದೆ ಕೇಳು. ಬೆಲ್ಲ ಬದಲಾಯಿತು, ಹಿಟ್ಟು ಬದಲಾಯಿತು. ಬದಲಾಗದೆ ಉಳಿದದ್ದು ನಿನ್ನ ಕೈ ಒಂದೇ. ದನ ತೊಳೆದ ಕೈ ಎಂದು ನೀನೇ ಬರೆದಿದ್ದೆ. ಬೊಮ್ಮುವಿನ ಕೈ ಚೊಕ್ಕವಿತ್ತು. ನೀನು ಎಷ್ಟೇ ಸ್ನಾನ ಮಾಡು, ಉಗುರಿನ ಸಂದಿಯಲ್ಲಿ ಕೊಟ್ಟಿಗೆ ಉಳಿದಿರುತ್ತದೆ. ನಾಲ್ಕನೇ ಇಯತ್ತೆಯಲ್ಲಿ ದಿನಾ ಬೆಳಿಗ್ಗೆ ನಿಮ್ಮೆಲ್ಲರ ಉಗುರು ನೋಡುತ್ತಿದ್ದೆ. ಆಗ ಕಲಿಸಿದ್ದು ಈಗ ನೆನಪಿಲ್ಲ ಎಂದರೆ ನಾನು ಏನು ಮಾಡಲಿ?

ಎಸ್ಪೆರಾನ್ಸ


ಕಾಜುಬಾಗ, ಕಾರವಾರ
4 ಡಿಸೆಂಬರ್ 2024

ಗಂಗೆ,

ಆರು ದಿನವಾಯಿತು, ಉತ್ತರವಿಲ್ಲ. ಪ್ರದೀಪ ಗೇಟಿನ ಮುಂದೆಯೇ ಹಾದುಹೋಗುತ್ತಾನೆ, ತಿರುಗಿಯೂ ನೋಡುವುದಿಲ್ಲ. ನೋಡಿದೆಯಾ, ಸತ್ಯ ಹೇಳಿದರೆ ಎಲ್ಲರಿಗೂ ಸಿಟ್ಟು.

ಈ ವರ್ಷ ಬಿಸ್ಕತ್ತು ಇಲ್ಲ ಎಂದು ಇಗರ್ಜಿಯಲ್ಲಿ ಹೇಳಿಬಿಟ್ಟೆ. ಪಾದ್ರಿಗಳು, "ಟೀಚರ್, ನಿಮ್ಮ ಬಿಸ್ಕತ್ತಿಲ್ಲದೆ ಹಬ್ಬ ಹ್ಯಾಗೆ?" ಎಂದು ಕಿವಿಯ ಹತ್ತಿರ ಕೂಗಿದರು. ಬೇಕರಿಯಿಂದ ತರಿಸಿ ಎಂದೆ. ಅವರೇ ಒಂದು ಪೊಟ್ಟಣ ತರಿಸಿದರು, ಅದೂ ಕೊಳೆತ ಮೊಟ್ಟೆ. ಗಾಯನದವರೆಲ್ಲ ಚಪ್ಪರಿಸಿ ತಿನ್ನುತ್ತಿದ್ದರು. ಅವರ ಬಾಯಿ ನೋಡಿ ನನಗೆ ಅಸಹ್ಯವಾಗಿ ಎದ್ದು ಬಂದೆ. ಜನರಿಗೆ ಮೂಗು ಎಂಬುದೇ ಸತ್ತಿದೆ. ಏನು ಕೊಟ್ಟರೂ ತಿನ್ನುತ್ತಾರೆ.

ನನಗೆ ತಣ್ಣನೆಯ ಗಂಜಿ, ಉಪ್ಪು. ಅಷ್ಟೇ ಇಳಿಯುತ್ತದೆ. ಬಿಸಿ ಇದ್ದರೆ ವಾಸನೆ ಏಳುತ್ತದೆ. ಹೌದು, ತೆಳ್ಳಗಾಗಿದ್ದೇನೆ. ಆಗಸ್ಟಿನಲ್ಲಿ ಹದಿನೈದು ದಿನ ಜ್ವರ ಬಂದಿತ್ತು. ನೀನು ಗದ್ದೆ ಕೆಲಸ ಬಿಟ್ಟು ಓಡಿ ಬರುತ್ತೀ ಎಂದು ಆಗ ತಿಳಿಸಲಿಲ್ಲ. ಅದು ಹೋಗಿ ಮೂರು ತಿಂಗಳಾಯಿತು, ಅದನ್ನು ಈಗ ಎತ್ತಬೇಡ.

ಕಿವಿ ಹೋಗಿ ಆರು ವರ್ಷ. ಓದಲು ಭೂತಗನ್ನಡಿ. ಈ ದೇಹದಲ್ಲಿ ದೇವರು ಸರಿಯಾಗಿ ಉಳಿಸಿದ್ದು ಮೂಗೊಂದನ್ನೇ. ಅದು ಇರುವ ತನಕ ನನ್ನ ಮನೆಯಿಂದ ಹೊಲಸು ಹೊರಗೆ ಹೋಗುವುದಿಲ್ಲ.

ಅವರ್ಸಾದ ಮಕ್ಕಳಿಗೆ ಹೇಳು, ಈ ಸಲ ಡಬ್ಬಿ ಬರುವುದಿಲ್ಲ.

ಎಸ್ಪೆರಾನ್ಸ


ಅವರ್ಸಾ
7 ಡಿಸೆಂಬರ್ 2024

ಅಕ್ಕೋರಿಗೆ,

ಮಕ್ಕಳಿಗೆ ನಾನು ಏನೂ ಹೇಳಿಲ್ಲ.

ಇದರ ಜೊತೆ ನಾಲ್ಕು ಬಟ್ಟೆಯ ಪೊಟ್ಟಣ ಇವೆ. ಅವ್ವಿಯ ಹಳೆಯ ಸೀರೆ ಹರಿದು, ನಾಲ್ಕೂ ಸುತ್ತ ಹೊಲಿದಿದ್ದೇನೆ, ಒಂದರಿಂದ ನಾಲ್ಕರ ತನಕ ನೂಲಿನಲ್ಲಿ ಗುರುತಿದೆ. ಬಿಚ್ಚಬಾರದು, ಹಿಚುಕಬಾರದು. ಯಾರನ್ನೂ ಕೇಳಬಾರದು. ಒಂದೊಂದನ್ನೇ ಮೂಗಿಗೆ ಹಿಡಿದು, ಏನು ವಾಸನೆ ಎಂದು ಬರೆದು ಕಳಿಸಿ.

ಪರೀಕ್ಷೆಯಲ್ಲಿ ನಕಲು ಹೊಡೆಯಬಾರದು ಎಂದು ಕಲಿಸಿದವರು ನೀವು. ನೀವೂ ಹೊಡೆಯುವುದಿಲ್ಲ ಎಂದು ನಂಬಿದ್ದೇನೆ.

ಉಳಿದ ಮಾತು ಆಮೇಲೆ.

ಗಂಗೆ


ಕಾಜುಬಾಗ, ಕಾರವಾರ
9 ಡಿಸೆಂಬರ್ 2024

ಗಂಗೆ,

ಏನು ಧೈರ್ಯ ನಿನ್ನದು! ಎಪ್ಪತ್ತೆರಡರ ಮುದುಕಿಗೆ ಹೊಲಸು ಕಟ್ಟಿ ಕಳಿಸಿ ಮೂಸಿ ನೋಡು ಎನ್ನುತ್ತೀಯಲ್ಲ. ಆದರೂ ಪರೀಕ್ಷೆ ಎಂದ ಮೇಲೆ ಬರೆಯದೆ ಬಿಟ್ಟವಳಲ್ಲ ನಾನು. ಬಿಚ್ಚಿಲ್ಲ.

ಒಂದನೆಯದು ಸುಟ್ಟ ರಬ್ಬರು. ಸೈಕಲ್ ಅಂಗಡಿಯಿಂದ ತಂದಿರಬೇಕು.

ಎರಡನೆಯದು ಹೊಲಸು ಬಟ್ಟೆ, ಗಾಯಕ್ಕೆ ಕಟ್ಟಿ ಬಿಚ್ಚಿದ್ದು. ಇದನ್ನು ಕಳಿಸಲು ನಿನಗೆ ನಾಚಿಕೆಯಾಗಲಿಲ್ಲವೆ? ಪೊಟ್ಟಣ ಹಿಡಿದ ಬೆರಳು ಕತ್ತರಿಸಿ ಎಸೆಯೋಣ ಅನಿಸಿತು.

ಮೂರನೆಯದು ಸತ್ತ ಇಲಿ. ನಿನ್ನ ಎರಡನೇ ಡಬ್ಬಿಯಲ್ಲಿದ್ದದ್ದೇ. ಹಾಗಾದರೆ ನಿನಗೂ ಗೊತ್ತಿತ್ತು ಅಂದ ಹಾಗಾಯಿತು.

ನಾಲ್ಕನೆಯದರಲ್ಲಿ ಏನೂ ಇಲ್ಲ. ಮರಳೋ ಬೂದಿಯೋ ತುಂಬಿ ನನ್ನನ್ನು ಮೂರ್ಖಳನ್ನಾಗಿ ಮಾಡಲು ನೋಡಿದ್ದೀ. ಮೂರು ಸಲ ಮೂಸಿದೆ. ನಾಲ್ಕರಲ್ಲಿ ಸಹಿಸುವಂಥದ್ದು ಅದೊಂದೇ.

ಈಗ ಹೇಳು.

ಎಸ್ಪೆರಾನ್ಸ


ಅವರ್ಸಾ
11 ಡಿಸೆಂಬರ್ 2024

ಅಕ್ಕೋರಿಗೆ,

ಹೇಳುತ್ತೇನೆ. ಕುಳಿತುಕೊಂಡು ಓದಿ.

ಒಂದನೆಯದು ಕಾಫಿಪುಡಿ, ಮೊನ್ನೆ ಅಂಕೋಲೆಯಲ್ಲಿ ನನ್ನ ಕಣ್ಣೆದುರು ಬೀಸಿಸಿದ್ದು. ಎರಡನೆಯದು ಒಣಗಿದ ಸುರಗಿ ಹೂವು. ಅವರ್ಸಾದಲ್ಲಿದ್ದಾಗ ನಿಮ್ಮ ಟ್ರಂಕಿನಲ್ಲಿ ಸೀರೆಯ ನಡುವೆ ನೀವು ಇಡುತ್ತಿದ್ದ ಅದೇ ಸುರಗಿ. ಮೂರನೆಯದು ನಿಮ್ಮ ಹಿತ್ತಲಿನ ಜಾಯಿಕಾಯಿ, ಈ ವರ್ಷ ನೀವೇ ನನಗೆ ಕೊಟ್ಟದ್ದು.

ನಾಲ್ಕನೆಯದು ಒಣಸಿಗಡಿಯ ಪುಡಿ. ಅದನ್ನು ಹೊಲಿಯುವಾಗ ಪ್ರದೀಪ ಮನೆಯ ಹೊರಗೆ ಹೋಗಿ ಕೂತಿದ್ದ, ಅಷ್ಟು ಗಾಟು. ಒಣಮೀನು ಎಂದು ನನ್ನ ಡಬ್ಬಿ ತಿರುಗಿಸಿದವರಿಗೆ ಒಣಸಿಗಡಿ ಮೂಗಿಗೇ ಬರಲಿಲ್ಲ.

ಇನ್ನೊಂದನ್ನು ನಾನು ಮುಚ್ಚಿಟ್ಟಿದ್ದೆ. ಎರಡನೇ ಡಬ್ಬಿಯಲ್ಲಿದ್ದದ್ದು ಹೊಸ ಹಿಟ್ಟಲ್ಲ. ನೀವು ತಿರುಗಿಸಿದ ಹಿಟ್ಟಿನಲ್ಲೇ ಅರ್ಧ. ಹುಲಿಯಾ ಮಾವನ ಮನೆಯಿಂದ ತಲೆ ತಗ್ಗಿಸಿ ಬಂದ ದಿನ ನನಗೆ ಅದನ್ನು ಚೆಲ್ಲಲು ಮನಸ್ಸಾಗಲಿಲ್ಲ. ಅಕ್ಕೋರಿಗೆ ಏನೋ ಸಿಟ್ಟಿದೆ, ಇಳಿದ ಮೇಲೆ ಇದನ್ನೇ ಒಪ್ಪುತ್ತಾರೆ ಎಂದುಕೊಂಡೆ. ನೀವು ಟೈರು ಎಂದು ಬರೆದಿರಿ. ಒಂದೇ ಹಿಟ್ಟು, ಎರಡು ವಾರದಲ್ಲಿ ಎರಡು ಬೇರೆ ವಾಸನೆ, ನಾಯಿಗೆ ಮಾತ್ರ ಪ್ರಸಾದ. ಆಮೇಲೆ ನಿಮ್ಮ ಜ್ವರದ ಸುದ್ದಿ ಬಂತು. ತಪ್ಪು ಹಿಟ್ಟಿನದಲ್ಲ ಎಂದು ಆಗ ತಿಳಿಯಿತು. ನಾಳೆಯೇ ಡಾಕ್ಟರ ಹತ್ತಿರ ಹೋಗಿ. ಒಬ್ಬರೇ ಹೋಗಬೇಡಿ, ಲತಾ ಅವರನ್ನು ಕರೆದುಕೊಂಡು ಹೋಗಿ. ಕರೆದರೆ ಬರುತ್ತಾರೆ.

ಇಷ್ಟು ನಿಮ್ಮ ಮೂಗಿನದು. ಇನ್ನು ನನ್ನ ಕೈಯದು.

ನೀವು ಹುಷಾರಿಲ್ಲದೆ ಬರೆದಿರಿ ಎಂದು ನೂರು ಸಲ ಹೇಳಿಕೊಂಡೆ. ಆದರೆ ಅಕ್ಕೋರೆ, ಮೂಗು ಕೆಟ್ಟರೆ ವಾಸನೆ ತಪ್ಪುತ್ತದೆ. ಕೊಟ್ಟಿಗೆ, ದನ, ಉಗುರಿನ ಸಂದಿ, ಅದನ್ನೆಲ್ಲ ಮೂಗು ಹೇಳಿಕೊಡುವುದಿಲ್ಲ. ಅದು ಮೊದಲೇ ಒಳಗೆ ಇರಬೇಕು. ನಮ್ಮ ಮನೆಯ ಕೋಣೆಯಲ್ಲಿ ನಾಲ್ಕು ವರ್ಷ ಇದ್ದು, ಅವ್ವಿ ಬಡಿಸಿದ್ದನ್ನು ಉಂಡು, ಅದನ್ನು ಒಳಗೆ ಇಟ್ಟುಕೊಂಡೇ ಇದ್ದಿರಾ? ಆ ಪತ್ರ ಓದಿದ ದಿನ ನಾನು ಬೂದಿ ಹಾಕಿ ಕೈ ತಿಕ್ಕಿದೆ, ಚರ್ಮ ಕೆಂಪಾಗುವ ತನಕ. ತಿಕ್ಕುತ್ತಿದ್ದೇನೆ ಎಂದು ಅರಿವಾದಾಗ ನಿಮ್ಮ ಮೇಲೆ ಹೇಸಿಗೆ ಬಂತು. ನನಗೆ ಅಕ್ಷರ ಕಲಿಸಿದವರ ಮೇಲೆ ಹೇಸಿಗೆ. ಅದನ್ನು ಎಲ್ಲಿ ಚೆಲ್ಲಲಿ?

ಗಂಗೆ


ಕಾಜುಬಾಗ, ಕಾರವಾರ
16 ಡಿಸೆಂಬರ್ 2024

ಗಂಗೆ,

ಪೊಟ್ಟಣಗಳನ್ನು ಬಿಚ್ಚಿ ನೋಡಿದೆ. ಸುರಗಿ ಸುರಗಿಯೇ. ಕಣ್ಣಿಗೆ ಹೂವು, ಮೂಗಿಗೆ ಕೀವು.

ಲತಾ ಬಂದಳು. ನಾನು ಬಾಗಿಲಲ್ಲಿ ನಿಂತು ಕರೆದದ್ದಕ್ಕೇ ಚಪ್ಪಲಿ ಹಾಕಿಕೊಂಡು ಹೊರಟಳು, ಈರುಳ್ಳಿಯ ಮಾತು ಎತ್ತಲಿಲ್ಲ. ಡಾಕ್ಟರು ಚಿಕ್ಕ ವಯಸ್ಸಿನವರು. ಕಾಗದದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದರು. ಜ್ವರ ಬಂದು ಹೋದ ಮೇಲೆ ಕೆಲವರಿಗೆ ಹೀಗಾಗುತ್ತದಂತೆ. ಮೂಗಿನ ನರ ಹಾಳಾಗಿ ಮತ್ತೆ ಬೆಳೆಯುವಾಗ ಒಳ್ಳೆಯ ವಾಸನೆಯನ್ನೂ ಕೆಟ್ಟದ್ದೆಂದು ತಿಳಿಸುತ್ತದಂತೆ. ಯಾವಾಗ ಸರಿಹೋಗುತ್ತದೆ ಎಂದು ಕೇಳಿದೆ. ಆರು ತಿಂಗಳು, ಎರಡು ವರ್ಷ, ಹೋಗದೆಯೂ ಇರಬಹುದು ಎಂದು ಬರೆದರು. ಆ ಕಾಗದವನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡಿದ್ದೇನೆ.

ನಿನ್ನ ಪರೀಕ್ಷೆಯಲ್ಲಿ ನನಗೆ ಸೊನ್ನೆ. ನಾಲ್ಕಕ್ಕೆ ನಾಲ್ಕೂ ತಪ್ಪು.

ಕೈಯ ವಿಷಯ. ಮೂರು ದಿನದಿಂದ ಬರೆಯುತ್ತೇನೆ, ಹರಿಯುತ್ತೇನೆ. ಜ್ವರದ ತಲೆಯಲ್ಲಿ ಬರೆದೆ ಎಂದು ಬರೆದೆ, ಹರಿದೆ. ಸುಳ್ಳು. ಜ್ವರ ಆಗಸ್ಟಿನಲ್ಲೇ ಹೋಗಿತ್ತು. ನೀನು ಕೇಳಿದ್ದೇ ನಿಜ. ಅದು ಒಳಗೆ ಇತ್ತು, ಇದೆ ಎಂದು ನನಗೂ ಗೊತ್ತಿರಲಿಲ್ಲ. ಬೊಮ್ಮು ಬಡಿಸುವಾಗ ನಾನು ಅವಳ ಉಗುರು ನೋಡುತ್ತಿದ್ದೆ, ಗಂಗೆ. ನೋಡಿ, ಚೊಕ್ಕವಿದೆ ಎಂದು ಕಂಡ ಮೇಲೆ ಉಣ್ಣುತ್ತಿದ್ದೆ. ನಾಲ್ಕು ವರ್ಷವೂ ನೋಡಿದೆ. ನನ್ನ ತಾಯಿ ಬಡಿಸಿದಾಗ ಒಂದು ದಿನವೂ ನೋಡಿದವಳಲ್ಲ.

ಇದಕ್ಕಿಂತ ಹೊಲಸಾದದ್ದು ಈ ಮೂರು ತಿಂಗಳಲ್ಲಿ ನನ್ನ ಮೂಗಿಗೂ ಬಂದಿಲ್ಲ. ಕ್ಷಮಿಸು ಎಂದು ಕೇಳಲು ನಾಚಿಕೆಯಾಗುತ್ತದೆ. ಕೇಳುತ್ತೇನೆ.

ಎಸ್ಪೆರಾನ್ಸ


ಅವರ್ಸಾ
18 ಡಿಸೆಂಬರ್ 2024

ಅಕ್ಕೋರಿಗೆ,

ಅವ್ವಿಗೆ ಅದು ಗೊತ್ತಿತ್ತು. "ಅಕ್ಕೋರು ಉಂಬುಕೆ ಮುಂಚೆ ನನ್ನ ಕೈ ನೋಡ್ತ್ರು" ಎಂದು ನನಗೆ ಹೇಳಿದ್ದಳು. ನಿಮಗೆ ಬಡಿಸುವ ಮುಂಚೆ ಹಿತ್ತಲಿಗೆ ಹೋಗಿ ಹಂಚಿನ ಚೂರಿನಿಂದ ಉಗುರು ಕೆರೆದುಕೊಂಡು ಬರುತ್ತಿದ್ದಳು. ಅದನ್ನು ನೀವಾಗಿಯೇ ಬರೆಯದಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ.

ಉಳಿದ ಅರ್ಧ ಹಿಟ್ಟು ಭರಣಿಯಲ್ಲಿದೆ. ಇವತ್ತು ಬಟ್ಟೆ ಬಿಚ್ಚಿ ನೋಡಿದೆ, ಕಪ್ಪಾಗಿ, ಮೆತ್ತಗೆ, ಹೇಗೆ ಇರಬೇಕೋ ಹಾಗೆ ಇದೆ. ಶನಿವಾರ ಬೆಳಿಗ್ಗೆ ಹತ್ತರ ಬಸ್ಸಿಗೆ ತರುತ್ತೇನೆ. ಮೊಟ್ಟೆ, ಬೆಣ್ಣೆ ತರಿಸಿಡಿ.

ಆದರೆ ಹಿಟ್ಟಿಗೆ ನಾನು ಕೈ ಹಾಕುವುದಿಲ್ಲ. ಕಲಸುವವರು ನೀವು. ಮೂಸುವುದು ನಾನು.

ಗಂಗೆ


ಕಾಜುಬಾಗ, ಕಾರವಾರ
26 ಡಿಸೆಂಬರ್ 2024

ಗಂಗೆ,

ಶನಿವಾರ ನೀನು ಇದ್ದಾಗ ನಾನು ಹೆಚ್ಚು ಮಾತಾಡಲಿಲ್ಲ. ಬಾಯಿ ತೆರೆದರೆ ವಾಸನೆ ಒಳಗೆ ಹೋಗುತ್ತಿತ್ತು. ಈಗ ಬರೆಯುತ್ತೇನೆ.

ಮೂವತ್ತೊಂದು ವರ್ಷ ನಾನು ಆ ಕುರ್ಚಿಯಲ್ಲಿ ಕೂತು ಮೂಸುತ್ತಿದ್ದೆ. ಬೇಯಿಸುವ ದಿನದ ಕಲಸುವ ಕೆಲಸಕ್ಕೂ ಯಾರನ್ನಾದರೂ ಕರೆಸುತ್ತಿದ್ದೆ. ಮೊನ್ನೆ ಅದೇ ಕುರ್ಚಿಯಲ್ಲಿ ನೀನು, ಪರಾತದ ಮುಂದೆ ನಾನು. ಮೊಟ್ಟೆ ಒಡೆದೆ, ಬೆಣ್ಣೆ ಹಾಕಿದೆ. ಹಿಟ್ಟಿನಲ್ಲಿ ಮೊಣಕೈ ತನಕ ಇಳಿದಾಗ ಸತ್ತದ್ದರೊಳಗೆ ಕೈ ಇಟ್ಟ ಹಾಗಿತ್ತು. ಎರಡು ಸಲ ಹಿತ್ತಲಿಗೆ ಓಡಿದೆ. ಎರಡು ಸಲವೂ ಬಂದು ಕೈ ತೊಳೆದು ಮತ್ತೆ ನಿಂತೆ. ನೀನು ಏಳಲಿಲ್ಲ. "ಇನ್ನೂ ಕಲ್ಸಿ ಅಕ್ಕೋರೆ, ಗಂಟು ಉಳಿದದೆ" ಎಂದೆ, ಕಿವುಡಿಗೂ ಕೇಳುವ ಹಾಗೆ. ಲತಾ ನಡುವೆ ಬಂದು ಕೈ ಹಾಕುತ್ತೇನೆ ಎಂದಳು. ನೀನು ಬೇಡ ಎಂದೆ. ಸರಿಯಾಗಿಯೇ ಮಾಡಿದೆ.

ಆಮೇಲೆ ನೀನು ಎದ್ದು ಬಂದು ಚಿಟಿಕೆ ಮುರಿದು, ತಿಕ್ಕಿ, ಕಣ್ಣು ಮುಚ್ಚಿ ಮೂಗಿಗೆ ಹಿಡಿದೆ. ನನಗೆ ಆಗ ಇದ್ದ ಹೆದರಿಕೆ ಈ ಜನ್ಮದಲ್ಲಿ ಯಾವ ಇನ್‌ಸ್ಪೆಕ್ಟರ್ ಶಾಲೆಗೆ ಬಂದಾಗಲೂ ಇರಲಿಲ್ಲ. "ಆಯ್ತು" ಎಂದೆಯಲ್ಲ, ಆಮೇಲೇ ನಾನು ಒಲೆ ಹಚ್ಚಿದ್ದು.

ಮಕ್ಕಳ ಡಬ್ಬಿಯನ್ನು ಪ್ರದೀಪ ಒಯ್ದ. ಗೇಟಿನಲ್ಲಿ ಈ ಸಲ ನಿಂತು ಮಾತಾಡಿಸಿದ. ಹುಲಿಯಾನಿಗೆ ಬೇರೆ ಡಬ್ಬಿ ಕಟ್ಟಿದ್ದೇನೆ, ಒಳಗೆ ನನ್ನ ಚೀಟಿ ಇದೆ. ತಪ್ಪು ಬೆಲ್ಲದ್ದಲ್ಲ, ನನ್ನದು ಎಂದು ಬರೆದಿದ್ದೇನೆ. ನೀನೇ ಓದಿ ಹೇಳು.

ನಿನ್ನೆ ಪೂಜೆ ಮುಗಿಸಿ ಬಂದು ನನ್ನ ಡಬ್ಬಿ ತೆಗೆದೆ. ಲತಾ, ಅವಳ ಗಂಡ, ಪಾದ್ರಿಗಳು, ಗಾಯನದವರು ಎಲ್ಲ ಇದ್ದರು. ಲತಾ ನಾಲ್ಕು ತಿಂದಳು. "ಎಂತಾ ಪರಿಮಳ, ಟೀಚರ್ ಬಾಯಿ, ಈ ವರ್ಷದ್ದೇ ಎಲ್ಲದಕ್ಕಿಂತ ಚಲೋ" ಎಂದು ಕಾಗದದ ಮೇಲೆ ಬರೆದು ತೋರಿಸಿದಳು. ನಾನೂ ಅವಳ ಹಾಗೆ ಹೇಳಲಿ ಎಂದು ಕೇಳಬೇಡ. ಗಂಗೆ, ಬಿಸ್ಕತ್ತು ಗಬ್ಬು ನಾರುತ್ತಿತ್ತು. ಟೈರು, ಇಲಿ, ಗಟಾರ, ಎಲ್ಲ ಒಟ್ಟಿಗೆ. ಮೂಗು ಹಿಡಿದುಕೊಳ್ಳಲಿಲ್ಲ. ಎರಡು ತಿಂದೆ. ಒಂದು ನನ್ನ ಪಾಲಿನದು, ಒಂದು ಬೊಮ್ಮುವಿನ ಹೆಸರಿನದು. ಕಣ್ಣಲ್ಲಿ ನೀರು ಬಂತು. ಹಬ್ಬದ ಸಂತೋಷಕ್ಕೆ ಎಂದು ಎಲ್ಲರೂ ತಿಳಿದರು.

ಬರುವ ವರ್ಷ ಪಾಡ್ಯ ನವೆಂಬರ್ ಎರಡಕ್ಕೆ ಬರುವುದಿಲ್ಲ, ಕ್ಯಾಲೆಂಡರ್ ನೋಡಿದೆ. ಆದರೂ ಆ ದಿನ ಬೆಳಿಗ್ಗೆ ನಾನು ಅವರ್ಸಾಕ್ಕೆ ಬರುತ್ತೇನೆ. ಮೊದಲು ಇಬ್ಬರೂ ಸೇರಿ ದನ ತೊಳೆಯೋಣ. ಆಮೇಲೆ ನನ್ನ ಉಗುರು ನೋಡು. ಚೊಕ್ಕವಿದೆ ಎಂದು ನೀನು ಹೇಳಿದರೆ ಹಿಟ್ಟಿಗೆ ಕೈ ಹಾಕುತ್ತೇನೆ.

ಎಸ್ಪೆರಾನ್ಸ